ದ್ರಾಕ್ಷಿ ಸೀಮೆಯಲ್ಲಿ ಹೊಳೆ ಪಕ್ಕ ಟೆಂಟ್: ಹೆದರಬೇಕಾದ್ದು ನೀರಿಗಲ್ಲ, ತಿಂಗಳಿಗೆ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಸೆಪ್ಟೆಂಬರ್ ಮೂರನೇ ವಾರ ನಾಪಾ–ಸೊನೋಮಾ ಕಡೆ ಮೂರು ರಾತ್ರಿ ಕ್ಯಾಂಪಿಂಗ್ ಹೋಗೋಣ ಅಂತಿದ್ದೇವೆ. ನಾನು, ನನ್ನ ಗಂಡ, 9 ಮತ್ತು 5 ವರ್ಷದ ಮಕ್ಕಳು, ಜೊತೆಗೆ ತೀರ್ಥಹಳ್ಳಿಯಿಂದ ಬಂದಿರುವ ಅತ್ತೆ, ಮಾವ. ಮಾವನಿಗೆ 69 ವರ್ಷ, ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೋತಾರೆ. "ಹೊಳೆ ಪಕ್ಕ ಮಲಗೋದು ಬೇಡವೇ ಬೇಡ, ರಾತ್ರಿ ನೀರು ಏರಿದ್ರೆ ಗೊತ್ತೇ ಆಗಲ್ಲ" ಅಂತಾರೆ. ಅತ್ತೆಗೆ ಹಾವಿನ ಭಯ. ಗಂಡನಿಗೆ ದ್ರಾಕ್ಷಿ ತೋಟದ ಒಳಗೇ ಟೆಂಟ್ ಹಾಕುವ ಆಸೆ, ಒಂದೆರಡು ವೈನರಿಯಲ್ಲಿ ರುಚಿ ನೋಡುವ ಆಸೆ. ನನಗೆ ಕಾಡ್ಗಿಚ್ಚಿನದೇ ಯೋಚನೆ. ರಷ್ಯನ್ ನದಿ ಒಳ್ಳೆಯದೋ, ಲೇಕ್ ಸೊನೋಮಾ, ಲೇಕ್ ಬೆರಿಯೆಸಾದಂಥ ಕಡೆ ಒಳ್ಳೆಯದೋ? ಫಿಲ್ಟರ್ ಒಯ್ದರೆ ಅಲ್ಲಿನ ನೀರನ್ನೇ ಕುಡಿಯಬಹುದಾ?

ಉತ್ತರ: ನಿಮ್ಮ ಮಾವ ಹೇಳುವುದು ತೀರ್ಥಹಳ್ಳಿಯ ಮಟ್ಟಿಗೆ ಪೂರ್ತಿ ಸರಿ. ತುಂಗೆಯಲ್ಲಿ ರಾಮಮಂಟಪ ಮುಳುಗುವುದನ್ನು ನೋಡಿ ಬೆಳೆದವರು ಮಳೆಗಾಲ ಮುಗಿಯುವ ಹೊತ್ತಿಗೆ ಹೊಳೆ ದಂಡೆಯಲ್ಲಿ ಮಲಗಲು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆದರೆ ಉತ್ತರ ಕ್ಯಾಲಿಫೋರ್ನಿಯಾದ ಪಂಚಾಂಗ ತಲೆಕೆಳಗು. ಅಲ್ಲಿ ಮಳೆ ಬೀಳುವುದು ಹೆಚ್ಚುಕಡಿಮೆ ನವೆಂಬರಿನಿಂದ ಮಾರ್ಚ್‌ವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಹದ ಮಳೆಯೂ ಬಾರದೆ ಇರುವುದೇ ಸಾಮಾನ್ಯ. ರಷ್ಯನ್ ನದಿಯಲ್ಲಿ ಆಗ ಹರಿಯುವ ನೀರಿನಲ್ಲಿ ಬಹುಪಾಲು ಮೇಲಿನ ಎರಡು ಅಣೆಕಟ್ಟುಗಳಿಂದ, ಎಂದರೆ ಲೇಕ್ ಮೆಂಡೊಸಿನೊ ಮತ್ತು ಲೇಕ್ ಸೊನೋಮಾದಿಂದ, ಲೆಕ್ಕ ಹಾಕಿ ಬಿಟ್ಟದ್ದು.

ಈ ನದಿ ಉಕ್ಕುವುದೇ ಇಲ್ಲ ಎಂದಲ್ಲ. ಗರ್ನ್‌ವಿಲ್ ಊರಿನಲ್ಲಿ ಪ್ರವಾಹದ ಮಟ್ಟ 32 ಅಡಿ. 2019ರ ಫೆಬ್ರವರಿ ಕೊನೆಯಲ್ಲಿ ನೀರು 45 ಅಡಿ ದಾಟಿ ಇಡೀ ಪೇಟೆ ದ್ವೀಪವಾಗಿತ್ತು. ಅದು ಚಳಿಗಾಲದ ಮಾತು. ಅದೇ ದಂಡೆಯಲ್ಲಿ ಸೆಪ್ಟೆಂಬರ್‌ನಲ್ಲಿ ಮಕ್ಕಳು ಮೊಣಕಾಲುದ್ದ ನೀರಲ್ಲಿ ಕಲ್ಲು ಆರಿಸುತ್ತಿರುತ್ತಾರೆ. ಹಾಗಾಗಿ ಮಾವನ ಭಯವನ್ನು ತಳ್ಳಿಹಾಕಬೇಡಿ, ಡಿಸೆಂಬರಿಗೆ ಎತ್ತಿಡಿ. ಸೆಪ್ಟೆಂಬರ್‌ಗೆ ಬೇರೆ ಭಯಗಳಿವೆ. ಅವುಗಳಲ್ಲಿ ಮೊದಲನೆಯದು ನೀವು ಹೇಳಿದ್ದೇ.

ದ್ರಾಕ್ಷಿ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್. ಬೆಟ್ಟದ ಹುಲ್ಲು ಒಣಗಿ ಗರಿಗರಿಯಾಗುವುದೂ ಆಗಲೇ, ಒಳನಾಡಿನಿಂದ ಕರಾವಳಿಯ ಕಡೆಗೆ 'ಡಯಾಬ್ಲೊ' ಎಂಬ ಒಣಗಾಳಿ ಬೀಸುವುದೂ ಆಗಲೇ. ಆ ಗಾಳಿ ಹೆಚ್ಚಾಗಿ ರಾತ್ರಿ ಜೋರಾಗುತ್ತದೆ. ಬೆಟ್ಟ ಇಳಿಯುತ್ತಾ ಇನ್ನಷ್ಟು ಬಿಸಿಯಾಗಿ, ಇನ್ನಷ್ಟು ಒಣಗಿ ಬರುತ್ತದೆ. 2017ರ ಅಕ್ಟೋಬರ್ 8ರ ರಾತ್ರಿ ಕ್ಯಾಲಿಸ್ಟೋಗಾ ಹತ್ತಿರ ಹೊತ್ತಿದ ಟಬ್ಸ್ ಬೆಂಕಿ ಬೆಳಗಾಗುವುದರೊಳಗೆ ಸಾಂಟಾ ರೋಸಾ ನಗರದ ಮನೆಗಳಿಗೆ ನುಗ್ಗಿತ್ತು. 2019ರ ಅಕ್ಟೋಬರ್ 23ಕ್ಕೆ ಗೈಸರ್‌ವಿಲ್ ಬಳಿ ಕಿಂಕೇಡ್, 2020ರ ಸೆಪ್ಟೆಂಬರ್ 27ಕ್ಕೆ ನಾಪಾದಲ್ಲಿ ಗ್ಲಾಸ್. 2020ರ ಆಗಸ್ಟ್‌ನದು ಮಾತ್ರ ಬೇರೆ ಬಗೆ: ಮಳೆಯಿಲ್ಲದ ಸಿಡಿಲಿನಿಂದ ಹತ್ತಿ, ಬೆರಿಯೆಸಾ ಸುತ್ತಲ ಬೆಟ್ಟಗಳನ್ನೂ ಗರ್ನ್‌ವಿಲ್ ಮೇಲಿನ ಕಾಡನ್ನೂ ಸುಟ್ಟಿತು.

ಹಾಗೆಂದು ಸೆಪ್ಟೆಂಬರ್ ಪೂರಾ ಬಿಟ್ಟುಬಿಡಬೇಕಿಲ್ಲ. ಗಾಳಿ ಹೇಳಿ ಕೇಳಿ ಬರುತ್ತದೆ. ರಾಷ್ಟ್ರೀಯ ಹವಾಮಾನ ಇಲಾಖೆ ಒಂದೆರಡು ದಿನ ಮೊದಲೇ 'ರೆಡ್ ಫ್ಲ್ಯಾಗ್', ಎಂದರೆ ಬೆಂಕಿ ಬೇಗ ಹಬ್ಬುವ ಹವೆಯ ಎಚ್ಚರಿಕೆ ಕೊಡುತ್ತದೆ. ನೀವು ಹೋಗುವ ದಿನಗಳಿಗೆ ಅದು ಬಿದ್ದಿದ್ದರೆ ಹೊರಡಬೇಡಿ. ಅಲ್ಲಿದ್ದಾಗ ಬಿದ್ದರೆ ಆ ಸಂಜೆಯೇ ಟೆಂಟ್ ಬಿಚ್ಚಿ. ಹಿರಿಯರು, ಮಕ್ಕಳು ಇರುವ ಕುಟುಂಬ ಮಧ್ಯರಾತ್ರಿ ಕತ್ತಲಲ್ಲಿ ಮೂಟೆ ಕಟ್ಟುವುದು ಬೆಂಕಿಯಷ್ಟೇ ಅಪಾಯ. ಕ್ಯಾಂಪ್ ಸೇರಿದ ಕೂಡಲೇ ಮೂರು ಕೆಲಸ ಮಾಡಿ: ಕಾರನ್ನು ಮೂತಿ ರಸ್ತೆಗೆ ಬರುವ ಹಾಗೆ ಹಿಮ್ಮುಖವಾಗಿ ನಿಲ್ಲಿಸಿ, ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ, ಆ ಜಾಗದ ಪಿನ್‌ಕೋಡನ್ನು 888777ಕ್ಕೆ ಸಂದೇಶ ಕಳಿಸಿ. ಕೊನೆಯದು ನಿಕ್ಸಲ್ ಎಂಬ ಎಚ್ಚರಿಕೆ ಸೇವೆ. ಫ್ರೀಮಾಂಟ್‌ನ ಪಿನ್‌ಕೋಡ್ ಕೊಟ್ಟಿದ್ದರೆ ರಷ್ಯನ್ ನದಿ ದಂಡೆಯ ಹೀಲ್ಡ್ಸ್‌ಬರ್ಗ್‌ನ ಸುದ್ದಿ ಬರುವುದಿಲ್ಲ. ಈ ತಪ್ಪು ಬಹಳ ಜನ ಮಾಡುತ್ತಾರೆ. ಕಣಿವೆಯ ಒಳಗೆ ಫೋನ್ ಸಿಗ್ನಲ್ಲೇ ಇಲ್ಲದ ಜಾಗಗಳಿವೆ. ಅಂಥ ಕಡೆ ಸಂಜೆಗೊಮ್ಮೆ ಸಿಗ್ನಲ್ ಇರುವ ತಿರುವಿನವರೆಗೆ ಹೋಗಿ ನೋಡಿಬರಬೇಕು.

ಬೆಂಕಿ ದೂರದಲ್ಲಿದ್ದರೂ ಹೊಗೆ ಬರುತ್ತದೆ. ವಾಯು ಗುಣಮಟ್ಟದ ಸೂಚ್ಯಂಕ 100 ದಾಟಿದರೆ ನಿಮ್ಮ ಮಾವನಿಗೂ ಐದು ವರ್ಷದ ಮಗುವಿಗೂ ದಿನವಿಡೀ ಹೊರಗಿರುವುದು ತರವಲ್ಲ. 150 ದಾಟಿದರೆ ಯಾರಿಗೂ ಅಲ್ಲ. ಟೆಂಟ್ ಬಟ್ಟೆ ಹೊಗೆ ತಡೆಯುವುದಿಲ್ಲ.

ಇನ್ನು ಕ್ಯಾಂಪ್‌ನ ಒಲೆ. ಬೆಂಕಿ ಹಾಕುವುದಕ್ಕೆ ನಿಷೇಧ ಬಿದ್ದಾಗ ಸೌದೆ, ಇದ್ದಿಲು ಎರಡೂ ನಿಲ್ಲುತ್ತವೆ. ತಿರುಗಣೆ ಇರುವ ಗ್ಯಾಸ್ ಸ್ಟೌವಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದ್ದರಿಂದ ಅಡುಗೆಯನ್ನು ಸೌದೆ ನಂಬಿ ಯೋಜಿಸಬೇಡಿ. ಬೆಂಕಿ ಹಾಕಿದರೆ ಆರಿಸುವಾಗ ಒಂದು ಚೊಂಬು ನೀರು ಸುರಿದು ಎದ್ದುಹೋಗುವುದೇ ಹೆಚ್ಚಿನವರ ರೂಢಿ. ಬೂದಿಯ ಅಡಿ ಕೆಂಡ ಗಂಟೆಗಟ್ಟಲೆ ಇರುತ್ತದೆ. ಎರಡು ಬಕೆಟ್, ಅಂದರೆ ಸುಮಾರು 20 ಲೀಟರ್ ನೀರು ಬೇಕು. ಸುರಿಯಿರಿ, ಕೋಲಿನಿಂದ ಕೆದಕಿ ಕೆಸರು ಮಾಡಿ, ಮತ್ತೆ ಸುರಿಯಿರಿ. ಕೊನೆಗೆ ಅಂಗೈ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಬೆಚ್ಚಗೆ ಅನ್ನಿಸಿದರೆ ಇನ್ನೂ ಆರಿಲ್ಲ. ಸೌದೆಯನ್ನು ಮನೆಯಿಂದ ಒಯ್ಯಬೇಡಿ, ಅಲ್ಲೇ ಕೊಳ್ಳಿ. ಓಕ್ ಮರಗಳನ್ನು ಕೊಲ್ಲುವ ರೋಗ ಮತ್ತು ಕೊರೆಹುಳು ಸೌದೆಯ ಜೊತೆ ಊರೂರು ಸುತ್ತುತ್ತವೆ.

ತೋಟದೊಳಗೆ ಟೆಂಟ್ ಹಾಕುವ ನಿಮ್ಮ ಯಜಮಾನರ ಆಸೆಯ ಬಗ್ಗೆ. ದ್ರಾಕ್ಷಿ ತೋಟಗಳೆಲ್ಲ ಖಾಸಗಿ ಜಮೀನು. ಕೇಳದೆ ಸಾಲಿನೊಳಗೆ ಕಾಲಿಡುವುದನ್ನೇ ಅವರು ಸಹಿಸುವುದಿಲ್ಲ. ಅದಕ್ಕೆ ಕಾರಣ ಬರೀ ಬಿಗುಮಾನ ಅಲ್ಲ. ಬೇರು ತಿನ್ನುವ ಫಿಲಾಕ್ಸೆರಾ ಎಂಬ ಸಣ್ಣ ಹೇನು ಚಪ್ಪಲಿಗೆ ಮೆತ್ತಿದ ಮಣ್ಣಿನಲ್ಲೂ ದಾಟಬಲ್ಲದು. 1980ರ ದಶಕದಲ್ಲಿ ಅದರಿಂದಾಗಿ ನಾಪಾದಲ್ಲಿ ತೋಟಕ್ಕೆ ತೋಟವೇ ಕಿತ್ತು ಹೊಸದಾಗಿ ನೆಡಬೇಕಾಯಿತು. ಕೆಲವು ವೈನರಿಗಳು ತಮ್ಮ ಅಂಗಳದಲ್ಲಿ ರಾತ್ರಿ ನಿಲ್ಲಲು ಬಿಡುವ ಸದಸ್ಯತ್ವದ ಯೋಜನೆಗಳಿವೆ. ಅವು ಒಳಗೇ ಶೌಚಾಲಯ, ನೀರು ಇರುವ ಆರ್‌ವಿಗಳಿಗೆ, ಎಂದರೆ ಮನೆಯಂಥ ವಾಹನಗಳಿಗೆ ಮಾತ್ರ. ಟೆಂಟಿಗೆ ಜಾಗವಿಲ್ಲ.

ಜಾಗ ಸಿಕ್ಕಿದ್ದರೂ ನಿದ್ದೆ ಸಿಗುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಹಣ್ಣು ತಂಪಾಗಿರಲೆಂದು ಕೊಯ್ಯುವುದೇ ರಾತ್ರಿ. ಒಂದು, ಎರಡು ಗಂಟೆಗೆ ಹಗಲಿನಂಥ ದೀಪ ಹೊತ್ತ ಟ್ರ್ಯಾಕ್ಟರು ಸಾಲಿನ ನಡುವೆ ಬರುತ್ತದೆ, ಹಿಂದೆ ಜನ ಕೂಗಾಡುತ್ತಾ ಓಡುತ್ತಾರೆ. ಮಾರ್ಚ್–ಏಪ್ರಿಲ್‌ನಲ್ಲಾದರೆ ಬೇರೆ ಗಲಾಟೆ: ಚಿಗುರಿಗೆ ಹಿಮ ಹಿಡಿಯದಿರಲೆಂದು ಕಂಬದ ಮೇಲಿನ ದೊಡ್ಡ ಫ್ಯಾನುಗಳನ್ನು ಬೆಳಗಿನ ಜಾವ ತಿರುಗಿಸುತ್ತಾರೆ, ಹೆಲಿಕಾಪ್ಟರ್ ಇಳಿದಂಥ ಸದ್ದು. ಮೇ–ಜೂನ್‌ನಲ್ಲಿ ಬೂದಿ ರೋಗಕ್ಕೆ ಗಂಧಕದ ಪುಡಿ ಎರಚುತ್ತಾರೆ. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದು ಹೊಸದಲ್ಲ. ಉಬ್ಬಸ ಇರುವವರಿಗೆ ಅದರ ಗಾಳಿ ಆಗುವುದಿಲ್ಲ. ತೋಟ ಕಾಣುವಷ್ಟು ಹತ್ತಿರ, ತೋಟದ ಸದ್ದು ಕೇಳದಷ್ಟು ದೂರ ಇರುವ ಸರ್ಕಾರಿ ಕ್ಯಾಂಪ್ ಹುಡುಕುವುದು ಒಳ್ಳೆಯದು.

ಅಂಥ ಜಾಗಗಳು ಯಾವುವು? ಲೇಕ್ ಸೊನೋಮಾದಿಂದ ಶುರು ಮಾಡೋಣ, ಏಕೆಂದರೆ ಹೆಸರು ಕೇಳಿ ಎಲ್ಲರೂ ಮೊದಲು ಅದನ್ನೇ ಹಿಡಿಯುತ್ತಾರೆ. ಇದು ಡ್ರೈ ಕ್ರೀಕ್‌ಗೆ ಕಟ್ಟಿದ ವಾರ್ಮ್ ಸ್ಪ್ರಿಂಗ್ಸ್ ಅಣೆಕಟ್ಟಿನ ಹಿನ್ನೀರು. ಸೇನೆಯ ಎಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುತ್ತದೆ. ಅಣೆಕಟ್ಟಿನಿಂದ ಇಳಿದ ಕೂಡಲೇ ಜಿನ್‌ಫಂಡೆಲ್ ದ್ರಾಕ್ಷಿಗೆ ಹೆಸರಾದ ಕಣಿವೆ. ಅಲ್ಲಿನ ಲಿಬರ್ಟಿ ಗ್ಲೆನ್ ಕ್ಯಾಂಪ್ ಇರುವುದು ನೀರಿನ ಪಕ್ಕದಲ್ಲಲ್ಲ, ಮೇಲೆ ಗುಡ್ಡದ ಏಣಿನ ಮೇಲೆ. ನೋಟ ಚೆನ್ನ, ಆದರೆ ಈಜಬೇಕೆಂದರೆ ಕಾರು ಹತ್ತಬೇಕು. ಮಕ್ಕಳಿಗೆ ಸರಿಯಾದ ದಡ ಇರುವ ಯಾರ್ಟಿ ಕ್ರೀಕ್‌ಗೆ ಕ್ಲೋವರ್‌ಡೇಲ್ ಕಡೆಯಿಂದ ಸುತ್ತಿ, ಇಕ್ಕಟ್ಟಿನ ತಿರುವುಗಳಲ್ಲಿ ಹೋಗಬೇಕು. ಸೆಪ್ಟೆಂಬರ್ ಹೊತ್ತಿಗೆ ನೀರು ಇಳಿದು ಸುತ್ತ ಬೋಳು ಮಣ್ಣಿನ ಪಟ್ಟಿ ಎದ್ದಿರುತ್ತದೆ. ಮಂಡಿ ನೋವಿನವರಿಗೆ ಅದನ್ನು ಇಳಿದು ಹತ್ತುವುದು ಕಷ್ಟ. ಬಯಲಿನ ಬಿಸಿಲು, ಗುಡ್ಡದ ಮೇಲಿನ ಗಾಳಿ, ಒಂದೇ ರಸ್ತೆ. ಏಪ್ರಿಲ್ ಕೊನೆ, ಮೇ ತಿಂಗಳಿಗಾದರೆ ಇದು ಸೊಗಸಾದ ಜಾಗ. ನಿಮ್ಮ ತಂಡಕ್ಕೆ, ನಿಮ್ಮ ತಿಂಗಳಿಗೆ ಬೇಡ.

ಬೆರಿಯೆಸಾ 1957ರಲ್ಲಿ ಮುಗಿದ ಮಾಂಟಿಸೆಲೊ ಅಣೆಕಟ್ಟಿನ ಹಿನ್ನೀರು. ತುಂಬಿದಾಗ ನೀರು ಸುಳಿದು ಇಳಿಯುವ 72 ಅಡಿ ಅಗಲದ ಬಾವಿಯಂಥ ಕೋಡಿಯ ಚಿತ್ರ ನೀವು ನೋಡಿರಬಹುದು. ಮೋಟರ್ ದೋಣಿಯವರ ಸ್ವರ್ಗ. ನೆರಳು ಕಡಿಮೆ, ದಡ ಕಡಿದು, ವೈನರಿಗಳಿಗೆ ಹೋಗಿಬರಲು ಬಳುಕುವ ಬೆಟ್ಟದ ರಸ್ತೆ. ಇದೂ ಬೇಡ. ಕ್ಲಿಯರ್ ಲೇಕ್ ಎಂಬ ಇನ್ನೊಂದಿದೆ, ಪೂರ್ತಿ ಕ್ಯಾಲಿಫೋರ್ನಿಯಾದೊಳಗಿರುವ ಅತಿ ದೊಡ್ಡ ಸಹಜ ಸಿಹಿನೀರ ಸರೋವರ. ಅದು ಆಳವಿಲ್ಲದ್ದು, ಬೇಸಿಗೆಯ ಕೊನೆಗೆ ವಿಷಪಾಚಿ ಕಟ್ಟುವುದು ಅಲ್ಲಿ ಮಾಮೂಲು. ನೀರಿಗಿಳಿಯುವ ಆಸೆಯಿದ್ದರೆ ಸೆಪ್ಟೆಂಬರ್‌ನಲ್ಲಿ ಅತ್ತ ಹೋಗುವುದರಲ್ಲಿ ಅರ್ಥವಿಲ್ಲ.

ಉಳಿಯುವುದು ಎರಡು. ಸಾಂಟಾ ರೋಸಾ ಅಂಚಿನ ಸ್ಪ್ರಿಂಗ್ ಲೇಕ್ ಪಾರ್ಕ್: ಚಿಕ್ಕ ಕೆರೆ, ಓಕ್ ನೆರಳು, ಆಸ್ಪತ್ರೆ ಊರೊಳಗೇ, ಹೊರಹೋಗಲು ನಗರದ ರಸ್ತೆಗಳು. ಇನ್ನೊಂದು ಸೇಂಟ್ ಹೆಲೆನಾ ಮತ್ತು ಕ್ಯಾಲಿಸ್ಟೋಗಾ ನಡುವಿನ ಬೋತಿ–ನಾಪಾ ವ್ಯಾಲಿ ಸ್ಟೇಟ್ ಪಾರ್ಕ್. ಅಲ್ಲಿ ಟೆಂಟ್ ಜಾಗಗಳ ಜೊತೆಗೆ ಯರ್ಟ್ ಎಂಬ ದುಂಡಗಿನ ಕ್ಯಾನ್ವಾಸ್ ಮನೆಗಳೂ ಕ್ಯಾಬಿನ್‌ಗಳೂ ಇವೆ. ಅತ್ತೆ ಮಾವನಿಗೆ ಒಂದು ಯರ್ಟ್, ನಿಮಗೆ ಟೆಂಟ್. ಹೊದಿಕೆಗಳನ್ನು ಮನೆಯಿಂದ ಒಯ್ಯಿರಿ. ಹೆದ್ದಾರಿ 29 ಪಕ್ಕದಲ್ಲೇ ಇರುವುದರಿಂದ ವಾಹನದ ಸದ್ದಿದೆ, ಆದರೆ ಬೆಂಕಿಯ ಕಾಲದಲ್ಲಿ ಹತ್ತಿರದ ಹೆದ್ದಾರಿ ದೋಷವಲ್ಲ. ನಾನಾದರೆ ನಿಮಗೆ ಸ್ಪ್ರಿಂಗ್ ಲೇಕ್ ಹೇಳುತ್ತೇನೆ, ಮಾವನ ಇನ್ಸುಲಿನ್ ಕಾರಣಕ್ಕೆ. ಯರ್ಟ್ ಸಿಕ್ಕರೆ ಮಾತ್ರ ಬೋತಿ. ಸ್ಟೇಟ್ ಪಾರ್ಕ್‌ಗಳ ಬುಕಿಂಗ್ ಆರು ತಿಂಗಳು ಮೊದಲು ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ವಾರಾಂತ್ಯದ ಜಾಗಗಳು ಬೇಗ ಮುಗಿಯುತ್ತವೆ. ಭಾನುವಾರದಿಂದ ಬುಧವಾರ ನೋಡಿದರೆ ಸಿಗುವ ಸಾಧ್ಯತೆ ಹೆಚ್ಚು.

ಹಾಗಾದರೆ ನದಿ? ನದಿಗೆ ಹಗಲು ಹೋಗಿಬನ್ನಿ. ಹೀಲ್ಡ್ಸ್‌ಬರ್ಗ್‌ನಲ್ಲಿ, ಗರ್ನ್‌ವಿಲ್‌ನ ಜಾನ್ಸನ್ಸ್ ಬೀಚ್‌ನಲ್ಲಿ ದಡಗಳಿವೆ. ಇಲ್ಲಿ ಮುಳುಗುವವರು ಪ್ರವಾಹಕ್ಕೆ ಸಿಕ್ಕವರಲ್ಲ, ಶಾಂತವಾಗಿ ಕಂಡ ನೀರಿಗೆ ಇಳಿದವರು. ಹೊಳೆ ತಿರುಗುವಲ್ಲಿ ಒಳಬದಿಗೆ ಜಲ್ಲಿ ಕೂತು ದಿಣ್ಣೆಯಾಗುತ್ತದೆ, ಹೊರಬದಿಯನ್ನು ನೀರು ಕೊರೆದು ಮಡುವಾಗುತ್ತದೆ. ಇದು ತುಂಗೆಗೂ ಒಂದೇ, ರಷ್ಯನ್ ನದಿಗೂ ಒಂದೇ; ಮಾವನಿಗೆ ಹೇಳಿ ತೋರಿಸಬೇಕಿಲ್ಲ. ಮಗು ಮಂಡಿಯುದ್ದ ನೀರಲ್ಲಿ ನಿಂತಿರುತ್ತದೆ, ಎರಡು ಹೆಜ್ಜೆ ಮುಂದಿಟ್ಟರೆ ಕಾಲಡಿಯ ದುಂಡು ಜಲ್ಲಿ ಮಣಿಯಂತೆ ಉರುಳಿ ಇಳಿಜಾರಿಗೆ ಎಳೆದುಕೊಳ್ಳುತ್ತದೆ. ಹಿಂದಕ್ಕೆ ಹತ್ತಲು ನೋಡಿದಷ್ಟೂ ಜಾರುತ್ತದೆ. ಕೂಗುವುದಕ್ಕೂ ಸಮಯ ಇರುವುದಿಲ್ಲ. ಆದ್ದರಿಂದ ಒಳಬದಿಯ ದಿಣ್ಣೆಯಲ್ಲೇ ಕೂರಿ, ಇಬ್ಬರು ಮಕ್ಕಳಿಗೂ ನೀರಿಗಿಳಿಯುವ ಮೊದಲೇ ಕೋಸ್ಟ್ ಗಾರ್ಡ್ ಮುದ್ರೆಯ ಲೈಫ್ ಜಾಕೆಟ್ ಹಾಕಿ. ಗಾಳಿ ತುಂಬುವ ಟ್ಯೂಬು, ತೋಳಪಟ್ಟಿ ಆಟಿಕೆಗಳು. ಚಲಿಸುವ ದೋಣಿ, ಕಯಾಕ್‌ನಲ್ಲಾದರೆ 13ಕ್ಕಿಂತ ಕಡಿಮೆ ವಯಸ್ಸಿನವರಿಗೆ ಜಾಕೆಟ್ ಕಾನೂನಿನಂತೆಯೇ ಕಡ್ಡಾಯ. ಸ್ವಂತ ದೋಣಿ ಒಯ್ಯುವವರು ಹಿನ್ನೀರುಗಳ ನಿಯಮ ಮೊದಲೇ ಓದಿಕೊಳ್ಳಬೇಕು. 2024ರಲ್ಲಿ ಸ್ಯಾಕ್ರಮೆಂಟೊ–ಸ್ಯಾನ್ ವಾಕೀನ್ ನದಿಗಳ ಡೆಲ್ಟಾದಲ್ಲಿ ಗೋಲ್ಡನ್ ಮಸ್ಸೆಲ್ ಎಂಬ ಹೊರಗಿನ ಚಿಪ್ಪುಜೀವಿ ಸಿಕ್ಕ ಮೇಲೆ ತಪಾಸಣೆ ಬಿಗಿಯಾಗಿದೆ. ಮಾವ ಬರಿಗಾಲಲ್ಲಿ ಓಡಾಡದಿರಲಿ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕುಂದಿದ್ದರೆ ಮಧ್ಯಾಹ್ನದ ಜಲ್ಲಿ ಸುಟ್ಟದ್ದು ಸಂಜೆ ಬೊಬ್ಬೆ ಎದ್ದ ಮೇಲೇ ತಿಳಿಯುವುದು.

ಈಗ ಫಿಲ್ಟರಿನ ಪ್ರಶ್ನೆ. ಕುಡಿಯಬೇಡಿ. ಕ್ಯಾಂಪ್ ಫಿಲ್ಟರುಗಳು ಬ್ಯಾಕ್ಟೀರಿಯಾ, ಪರೋಪಜೀವಿಗಳನ್ನು ಹಿಡಿಯುತ್ತವೆ, ನಿಜ. ಆದರೆ ನೀಲಿಹಸಿರು ಪಾಚಿಯ ವಿಷ ನೀರಲ್ಲಿ ಕರಗಿರುತ್ತದೆ, ಫಿಲ್ಟರಿನಲ್ಲಿ ದಾಟಿ ಬರುತ್ತದೆ. 'ಕುದಿಸಿದರೆ ಎಲ್ಲ ಸರಿಹೋಗುತ್ತೆ' ಎಂಬ ನಮ್ಮ ಮನೆಗಳ ನಂಬಿಕೆ ಇಲ್ಲಿ ಕೆಲಸ ಮಾಡುವುದಿಲ್ಲ. ಕುದಿಸಿದರೆ ಪಾಚಿಯ ಕಣಗಳು ಒಡೆದು ವಿಷ ಇನ್ನಷ್ಟು ಬಿಡುಗಡೆಯಾಗುತ್ತದೆ. ಈ ಪಾಚಿ ಹಿನ್ನೀರಲ್ಲಿ ಕಾಣುವ ರೂಪವೇ ಬೇರೆ, ನದಿಯಲ್ಲಿ ಕಾಣುವ ರೂಪವೇ ಬೇರೆ. ಕೆರೆಯಲ್ಲಿ ಹಸಿರು ಪೇಂಟ್ ಚೆಲ್ಲಿದಂತೆ ಮೇಲೆ ತೇಲುತ್ತದೆ. ಕೋಲು ಅದ್ದಿ ಎತ್ತಿದಾಗ ನೂಲಿನಂತೆ ಜೋತುಬಿದ್ದರೆ ಸಾಮಾನ್ಯ ಪಾಚಿ, ಬಣ್ಣದಂತೆ ಬಳಿದುಕೊಂಡರೆ ಅನುಮಾನದ್ದು. ನದಿಯಲ್ಲಿ ಈ ಕೋಲಿನ ಪರೀಕ್ಷೆ ನಡೆಯದು. ಅಲ್ಲಿ ವಿಷದ ಪಾಚಿಯೇ ಕಲ್ಲಿಗೆ ಅಂಟಿ, ಬಿಡಿಸಿಕೊಂಡು, ಒದ್ದೆ ಕಂಬಳಿಯ ಚೂರಿನಂತೆ ಕಂದುಹಸಿರಾಗಿ ದಡಕ್ಕೆ ಬಂದು ಬೀಳುತ್ತದೆ. ಮಕ್ಕಳು ಎತ್ತಿ ಎಸೆದಾಡುವುದು, ನಾಯಿಗಳು ಬಾಯಿ ಹಾಕುವುದು ಇದಕ್ಕೇ. ದಡದಲ್ಲಿ ಹಚ್ಚಿದ ಫಲಕ ನೋಡಿ: ಹಳದಿ ಎಂದರೆ ಎಚ್ಚರ, ಕಿತ್ತಳೆ ಎಂದರೆ ನೀರಿಗಿಳಿಯಬೇಡಿ, ಕೆಂಪು ಎಂದರೆ ಹತ್ತಿರವೂ ಬೇಡ. ಆಡಿ ಬಂದ ಮಕ್ಕಳಿಗೆ ನಲ್ಲಿ ನೀರಲ್ಲಿ ಕೈಮೈ ತೊಳೆದ ಮೇಲೆಯೇ ತಿಂಡಿ. ಕುಡಿಯಲು, ಅಡುಗೆಗೆ ತಲಾ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಮನೆಯಿಂದಲೇ ಕ್ಯಾನ್ ತುಂಬಿಸಿ.

ಅತ್ತೆಯವರಿಗೆ ಸಮಾಧಾನದ ಮಾತು: ಅಲ್ಲಿ ನಾಗರ ಇಲ್ಲ, ರಾತ್ರಿ ಹಾಸಿಗೆಗೆ ಬರುವ ಕಟ್ಟುಹಾವು ಇಲ್ಲ. ಆ ಸೀಮೆಯಲ್ಲಿ ಮನುಷ್ಯರಿಗೆ ಅಪಾಯ ಮಾಡಬಲ್ಲ ಹಾವು ಒಂದೇ ಜಾತಿ, ಬಾಲದಲ್ಲಿ ಗಿಲಕಿ ಇರುವ ರ‍್ಯಾಟಲ್‌ಸ್ನೇಕ್. ಗಿಲಕಿ ಆಡಿಸಿಯೇ ಕಚ್ಚುತ್ತದೆ ಎಂಬುದು ಮಾತ್ರ ನಿಜವಲ್ಲ. ಕಾಣದ ಕಡೆ ಕೈ, ಕಾಲು ಇಡದಿದ್ದರೆ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಶೌಚಾಲಯಕ್ಕೆ ಹೋಗದಿದ್ದರೆ, ಟೆಂಟ್ ಜಿಪ್ ಸದಾ ಮುಚ್ಚಿದ್ದರೆ ಸಾಕು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಐಸ್ ಇಡುವುದು ಯಾವುದೂ ಬೇಡ. ಉಂಗುರ ಬಳೆ ತೆಗೆದು, ಅಲುಗಾಡಿಸದೆ, 911. ಉಂಬಳವೂ ಇಲ್ಲ. ಉಣುಗು ಇದೆ. ಮಂಗನ ಕಾಯಿಲೆಯ ಊರಿನವರಿಗೆ ಉಣುಗಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಲ್ಲಿನದು ಲೈಮ್ ರೋಗ ತರಬಲ್ಲದು, ಗಸಗಸೆಯಷ್ಟು ಚಿಕ್ಕ ಮರಿಗಳ ಕಾಟ ವಸಂತದಿಂದ ಬೇಸಿಗೆಯ ಮೊದಲವರೆಗೆ ಹೆಚ್ಚು, ಸೆಪ್ಟೆಂಬರ್‌ನಲ್ಲಿ ಕಡಿಮೆ. ಸಂಜೆ ಮೈ ನೋಡಿಕೊಳ್ಳಿ; ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ.

ಹಾವಿಗಿಂತ ನಿಮ್ಮ ರಜೆ ಕೆಡಿಸುವ ಸಂಭವ ಹೆಚ್ಚಿರುವುದು ಒಂದು ಗಿಡಕ್ಕೆ. ಹೆಸರು ಪಾಯ್ಸನ್ ಓಕ್. ಓಕ್ ಎಂದು ಹೆಸರಿದ್ದರೂ ಅದು ಮಾವು, ಗೇರಿನ ಕುಲದ್ದು. ಮಾವಿನ ಸೊನೆ ತಾಗಿ ಬಾಯಂಚು ಸುಟ್ಟುಕೊಂಡವರಿಗೆ, ಗೇರುಬೀಜದ ಸಿಪ್ಪೆಯ ಎಣ್ಣೆ ಕೈಗೆ ಸಿಡಿಸಿಕೊಂಡವರಿಗೆ ಈ ಉರಿ ಏನೆಂದು ಗೊತ್ತು; ಅದೇ ಬಗೆಯ ಎಣ್ಣೆ ಇದರ ಎಲೆ, ಕಡ್ಡಿ, ಬೇರು ಎಲ್ಲದರಲ್ಲೂ ಇದೆ. ಒಂದು ತೊಟ್ಟಿಗೆ ಮೂರು ಎಲೆ, ನಡುವಿನದಕ್ಕೆ ತೊಟ್ಟು ಉದ್ದ, ಅಂಚು ಓಕ್ ಎಲೆಯಂತೆ ಅಲೆಅಲೆ. ಬೇಸಿಗೆ ಮುಗಿಯುವಾಗ ಕೆಂಪಾಗುತ್ತದೆ. ಕುಂಕುಮ ಕಲಸಿದಂಥ, ಹೊಳಪಿನ ಕೆಂಪು. ಸುತ್ತ ಎಲ್ಲ ಒಣಗಿ ಕಂದಾಗಿರುವಾಗ ಹೊಳೆ ದಂಡೆಯಲ್ಲಿ ಅದೊಂದೇ ಚಂದ ಕಾಣುತ್ತದೆ, ಐದು ವರ್ಷದ ಮಗು ಅಜ್ಜಿಗೆ ಕೊಡಲೆಂದು ಅದನ್ನೇ ಕೀಳುತ್ತದೆ. ಎಲೆ ಉದುರಿದ ಬರಿ ಕಡ್ಡಿಯೂ ಅಷ್ಟೇ ಅಪಾಯ.

ತಾಗಿತೆಂದು ಗೊತ್ತಾದರೆ ಹತ್ತು ನಿಮಿಷದೊಳಗೆ ಪಾತ್ರೆ ತೊಳೆಯುವ ಸೋಪು, ತಣ್ಣೀರು, ಒಂದು ಒರಟು ಬಟ್ಟೆ. ಬರೀ ಸೋಪು ಹಚ್ಚಿ ಸುರಿದುಕೊಂಡರೆ ಎಣ್ಣೆ ಬಿಡುವುದಿಲ್ಲ. ಕೈಗೆ ಗ್ರೀಸ್ ಮೆತ್ತಿದಾಗ ಉಜ್ಜುವಂತೆ ಉಜ್ಜಿ, ಬಟ್ಟೆ ಬದಲಿಸಿ, ಮೂರು ಸಲ. ತುರಿಕೆ ಏಳುವುದು ಒಂದೆರಡು ದಿನದ ಮೇಲೆ, ಅಂದರೆ ಮನೆಗೆ ಬಂದ ಮೇಲೆ. ಆಗ ಯಾವುದರಿಂದ ಎಂದೇ ತಿಳಿಯದೆ ಊಟದ ಮೇಲೆ ತಪ್ಪು ಹೊರಿಸುತ್ತಾರೆ. ಬೊಬ್ಬೆಯ ನೀರಿನಿಂದ ಹರಡುತ್ತದೆ ಎಂಬುದು ಸುಳ್ಳು. ಹರಡುವುದು ತೊಳೆಯದ ಶೂ ಲೇಸಿನಿಂದ, ಪ್ಯಾಂಟಿನಿಂದ, ನಾಯಿಯ ಕೂದಲಿನಿಂದ. ಎಣ್ಣೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಇದರ ಕಡ್ಡಿಯನ್ನು ಬೆಂಕಿಗೆ ಹಾಕಿದರೆ ಹೊಗೆ ಶ್ವಾಸಕೋಶಕ್ಕೇ ಇಳಿಯುತ್ತದೆ, ಅದು ಆಸ್ಪತ್ರೆಯ ಪ್ರಕರಣ. ಮುಖ, ಕಣ್ಣು ಊದಿಕೊಂಡರೂ ಕಾಯದೆ ವೈದ್ಯರ ಹತ್ತಿರ ಹೋಗಿ.

ವೈನಿನ ವಿಷಯಕ್ಕೆ ಬರೋಣ. ನಾಪಾದ ಬಹುತೇಕ ವೈನರಿಗಳಿಗೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. 1990ರಿಂದೀಚೆಗೆ ಶುರುವಾದವಕ್ಕೆ ಅಲ್ಲಿನ ಕೌಂಟಿ, ಎಂದರೆ ಜಿಲ್ಲಾಡಳಿತದ ನಿಯಮವೇ ಹಾಗಿದೆ. ಮಕ್ಕಳನ್ನು ಬಿಡುತ್ತಾರೋ ಇಲ್ಲವೋ ಒಂದೊಂದು ಕಡೆ ಒಂದೊಂದು ಥರ, ಕೇಳಿಯೇ ಬುಕ್ ಮಾಡಿ. 'ರುಚಿ ನೋಡುವುದು ಅಷ್ಟೇ, ಏರುವುದಿಲ್ಲ' ಎಂಬುದನ್ನು ಲೆಕ್ಕ ಹಾಕಿ ನೋಡಿ. ಒಂದು ಸುತ್ತಿಗೆ ಐದು ಬಗೆ, ತಲಾ 45 ಮಿ.ಲೀ. ಸುರಿದರೆ 225 ಮಿ.ಲೀ. ಡ್ರೈ ಕ್ರೀಕ್ ಜಿನ್‌ಫಂಡೆಲ್‌ನಲ್ಲಿ ಆಲ್ಕೋಹಾಲ್ 15 ಶೇಕಡಾದ ಆಸುಪಾಸು. ಅಲ್ಲಿಗೆ ಸುಮಾರು 27 ಗ್ರಾಂ, ಅಮೆರಿಕದ ಲೆಕ್ಕದಲ್ಲಿ (ಒಂದಕ್ಕೆ 14 ಗ್ರಾಂ) ಹತ್ತಿರಹತ್ತಿರ ಎರಡು ಡ್ರಿಂಕ್. ಎರಡು ವೈನರಿ ಮುಗಿಸಿದರೆ ನಾಲ್ಕು. ವಾಹನ ಓಡಿಸಲು ಕ್ಯಾಲಿಫೋರ್ನಿಯಾದ ಮಿತಿ ರಕ್ತದಲ್ಲಿ ಶೇಕಡಾ 0.08 ಆಲ್ಕೋಹಾಲ್, ಬಿಸಿಲು, ಖಾಲಿ ಹೊಟ್ಟೆ ಸೇರಿದರೆ ಸಣ್ಣ ಮೈಕಟ್ಟಿನವರು ಅದನ್ನು ದಾಟುವುದು ಸುಲಭ. ಮೇಜಿನ ಮೇಲೆ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಬಳಸುವುದು ಅವಮಾನವಲ್ಲ, ವೃತ್ತಿಯವರು ಮಾಡುವುದೇ ಹಾಗೆ.

ವೀಸಾದ ಮೇಲೆ ಇರುವವರಿಗೆ ಇನ್ನೊಂದು ಮಾತು. ಕುಡಿದು ಓಡಿಸಿದ್ದಕ್ಕೆ ಬಂಧನವಾದರೆ ಸಾಕು, ಶಿಕ್ಷೆ ಆಗಬೇಕೆಂದೇನಿಲ್ಲ, ಅಮೆರಿಕದ ವಿದೇಶಾಂಗ ಇಲಾಖೆ ವೀಸಾವನ್ನೇ ರದ್ದು ಮಾಡಬಹುದು. ಮುಂದೆ ಊರಿಗೆ ಹೋದಾಗ ಮರಳಲು ಹೊಸ ವೀಸಾ, ಹೊಸ ವೈದ್ಯಕೀಯ ಪರೀಕ್ಷೆ. ಆದ್ದರಿಂದ ನಿಮ್ಮಿಬ್ಬರಲ್ಲಿ ಒಬ್ಬರು ಪೂರ್ತಿ ಮುಟ್ಟದಿರಲಿ, ಅಥವಾ ಚಾಲಕರನ್ನು ಗೊತ್ತುಮಾಡಿ. ತೆರೆದು ಮತ್ತೆ ಬಿರಡೆ ಹಾಕಿದ ಬಾಟಲಿ ಡಿಕ್ಕಿಯಲ್ಲೇ ಇರಬೇಕು. ಮುಚ್ಚಿದ ಬಾಟಲಿಗಳನ್ನೂ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಒಂದು ಮಧ್ಯಾಹ್ನದ ಬಿಸಿಗೆ ಬಿರಡೆ ಮೇಲೆದ್ದು, ವೈನು ಬೇಯಿಸಿದ ಹಣ್ಣಿನಂತಾಗುತ್ತದೆ. ಐಸ್ ಇಲ್ಲದ ಖಾಲಿ ಕೂಲರ್‌ನಲ್ಲಿ ಟವೆಲ್ ಸುತ್ತಿಟ್ಟರೆ ಸಾಕು.

ಮಾವನ ಇನ್ಸುಲಿನ್‌ಗೂ ಕೂಲರ್ ಬೇಕು, ಆದರೆ ಐಸ್‌ಗೆ ತಾಗಿಸಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಹಾಗೇ ಇದ್ದರೂ ಕೆಲಸಕ್ಕೆ ಬಾರದು. ದಪ್ಪ ಬಟ್ಟೆಯಲ್ಲಿ ಸುತ್ತಿ, ಡಬ್ಬದಲ್ಲಿಟ್ಟು, ಐಸ್‌ನ ಮೇಲ್ಭಾಗದಲ್ಲಿಡಿ. ಇನ್ನೊಂದು ಪೆನ್ ಅವರ ಕೈಚೀಲದಲ್ಲಿ ಬೇರೆ ಇರಲಿ.

ರಾತ್ರಿಯ ಚಳಿಯನ್ನು ಊರಿಂದ ಬಂದವರು ಎಣಿಸಿರುವುದಿಲ್ಲ. ಹಗಲು 30, 35 ಡಿಗ್ರಿ ಇದ್ದದ್ದು ಬೆಳಗಿನ ಜಾವ 10ಕ್ಕೆ ಬರುತ್ತದೆ. ತಣ್ಣನೆ ಗಾಳಿ ಭಾರ, ಬೆಟ್ಟದಿಂದ ಇಳಿದು ನೀರಿರುವ ತಗ್ಗಿನಲ್ಲೇ ಮಡುಗಟ್ಟುತ್ತದೆ, ಆದ್ದರಿಂದ ಹೊಳೆ ದಂಡೆಯ ಟೆಂಟು ಗುಡ್ಡದ ಟೆಂಟಿಗಿಂತ ಚಳಿ. ಚಳಿ ಬರುವುದು ಹೆಚ್ಚಾಗಿ ನೆಲದಿಂದ. ಗಾಳಿ ತುಂಬಿದ ದಪ್ಪ ಹಾಸಿಗೆ ಮೆತ್ತಗಿರುತ್ತದೆ, ಬೆಚ್ಚಗಿರುವುದಿಲ್ಲ. ಅದರ ಮೇಲೊಂದು ಫೋಮ್ ಹಾಳೆಯೋ ಜಮಖಾನವೋ ಹಾಸಿ. ಹಿರಿಯರಿಗೆ ಮಡಚುವ ಮಂಚ ಒಯ್ಯಿರಿ, ನೆಲದಿಂದ ಏಳುವ ಕಷ್ಟ ತಪ್ಪುತ್ತದೆ. ಚಳಿಯೆಂದು ಟೆಂಟಿನ ಕಿಂಡಿಗಳನ್ನೆಲ್ಲ ಮುಚ್ಚಿದರೆ ಉಸಿರಿನ ಆವಿ ಮೇಲಿಂದ ತೊಟ್ಟಿಕ್ಕಿ ಹೊದಿಕೆ ಒದ್ದೆಯಾಗುತ್ತದೆ, ಮೇಲಿನ ಕಿಂಡಿ ತೆರೆದಿರಲಿ. ಗ್ಯಾಸ್ ಸ್ಟೌವನ್ನಾಗಲಿ ಇದ್ದಿಲನ್ನಾಗಲಿ ಬೆಚ್ಚಗಿರಲೆಂದು ಒಳಗೆ ತರಲೇಬಾರದು.

ಊಟದ ಹೊತ್ತಿಗೆ ಹಳದಿ ಪಟ್ಟೆಯ ಕಣಜಗಳು ಬರುತ್ತವೆ, ಕೊಯ್ಲಿನ ಕಾಲ ಅವುಗಳಿಗೂ ಸುಗ್ಗಿ. ಮಾಂಸ, ಹಣ್ಣು, ಬೆಲ್ಲ ಎಲ್ಲವೂ ಆಗುತ್ತದೆ. ವೈನಿನ ಲೋಟಕ್ಕೆ, ಮಕ್ಕಳ ಜ್ಯೂಸಿಗೆ ಇಳಿದು ಕೂತಿರುತ್ತವೆ. ನೋಡದೆ ಕುಡಿದು ಗಂಟಲೊಳಗೆ ಕಚ್ಚಿಸಿಕೊಂಡರೆ ಊದಿ ಉಸಿರು ಕಟ್ಟಬಹುದು. ಕ್ಯಾನಿನಿಂದ ನೇರ ಕುಡಿಯುವುದು ಬೇಡ, ಲೋಟಕ್ಕೆ ತಟ್ಟೆ ಮುಚ್ಚಿ. ರಾತ್ರಿ ಪಾಳಿ ರಕೂನ್‌ಗಳದು. ಕೂಲರಿನ ಚಿಲಕ ತೆಗೆಯಲು ಅವಕ್ಕೆ ಬರುತ್ತದೆ, ಚಕ್ಕುಲಿ ಡಬ್ಬದ ಮುಚ್ಚಳ ಅವಕ್ಕೊಂದು ಲೆಕ್ಕವೇ ಅಲ್ಲ. ಎಲ್ಲವನ್ನೂ ಕಾರಿನೊಳಗಿಟ್ಟು ಬೀಗ ಹಾಕಿ.

ಹೊರಡುವ ಹಿಂದಿನ ಸಂಜೆ ನೋಡಬೇಕಾದ್ದು ಮೂರು: ರೆಡ್ ಫ್ಲ್ಯಾಗ್ ಇದೆಯೇ, ಸಾಂಟಾ ರೋಸಾದ ವಾಯು ಸೂಚ್ಯಂಕ ಎಷ್ಟು, ರಾಜ್ಯದ ಪಾಚಿ ನಕ್ಷೆಯಲ್ಲಿ ನೀವು ಇಳಿಯುವ ದಡಕ್ಕೆ ಯಾವ ಬಣ್ಣ. ಮೊದಲನೆಯದು ಇದ್ದರೆ ಬುಕಿಂಗ್ ಹಣ ಹೋದರೆ ಹೋಗಲಿ. ಮೂರನೆಯದು ಮಾತ್ರ ಕೆಟ್ಟಿದ್ದರೆ ಹೋಗಿ, ಈಜುವುದೊಂದನ್ನು ಬಿಡಿ. ಮೂರೂ ಸರಿಯಿದ್ದರೆ ಹೊಳೆ ದಂಡೆಯಲ್ಲಿ ಕೂರಲು ಒಂದು ಮಡಚುವ ಕುರ್ಚಿಯನ್ನು ಮಾವನಿಗಾಗಿ ಹೆಚ್ಚಿಗೆ ಹಾಕಿಕೊಳ್ಳಿ.